ಡೇಟಾಬೇಸ್ ಸಂಪರ್ಕ ಸೇವೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಪತ್ರಗಳು ಹೆಚ್ಚೂಕಡಿಮೆ ಒಂದೇ ತೊಂದರೆಯನ್ನು ಹೇಳುತ್ತವೆ. ಡೇಟಾಬೇಸ್ ಓಡುತ್ತಿದೆ, ಅಪ್ಲಿಕೇಶನ್ನೂ ಓಡುತ್ತಿದೆ, ಎರಡರ ನಡುವಿನ ಸಂಪರ್ಕ ಕೈಕೊಡುತ್ತಿದೆ. ಡ್ರೈವರ್ (ಅಪ್ಲಿಕೇಶನ್ ಡೇಟಾಬೇಸ್ ಜೊತೆ ಮಾತಾಡಲು ಬಳಸುವ ತಂತ್ರಾಂಶ), ಪೂಲ್ (ತೆರೆದಿಟ್ಟು ಮತ್ತೆ ಮತ್ತೆ ಬಳಸುವ ಸಂಪರ್ಕಗಳ ಗುಂಪು), ಲಿಸನರ್ (ಹೊಸ ಸಂಪರ್ಕಗಳಿಗಾಗಿ ಕಾಯುವ ಪ್ರೋಗ್ರಾಂ), ಫೈರ್‌ವಾಲ್ ಎಲ್ಲವೂ ಸೇರಿ ಆಗುವ ಈ ನಡುವಿನ ಪದರಕ್ಕೆ ಬಹಳಷ್ಟು ಕಚೇರಿಗಳಲ್ಲಿ ಇಂಥವರೇ ಜವಾಬ್ದಾರರು ಎಂದು ಇರುವುದಿಲ್ಲ. ಆದ್ದರಿಂದ ಈ ಸಂಚಿಕೆ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ವಿಂಡೋಸ್ ಸರ್ವರ್ ಮೇಲೆ ರಿಪೋರ್ಟ್ ಸರ್ವಿಸ್ ಒಂದನ್ನು ಹಾಕಿದ್ದೇವೆ. ಒಡಿಬಿಸಿ (ಡೇಟಾಬೇಸ್ ಸಂಪರ್ಕದ ಸಾಮಾನ್ಯ ಪದ್ಧತಿ) ಅಡ್ಮಿನಿಸ್ಟ್ರೇಟರ್‌ನಲ್ಲಿ ಡಿಎಸ್ಎನ್ (ಸಂಪರ್ಕದ ವಿವರಗಳನ್ನು ಒಂದು ಹೆಸರಿನಲ್ಲಿ ಬರೆದಿಡುವುದು) ಮಾಡಿ ಟೆಸ್ಟ್ ಕೊಟ್ಟರೆ ಪಾಸಾಗುತ್ತದೆ. ಸರ್ವಿಸ್ ಮಾತ್ರ ‘ಡೇಟಾ ಸೋರ್ಸ್ ನೇಮ್ ನಾಟ್ ಫೌಂಡ್’ ಎಂದು ಐಎಂ002 ಎರರ್ ಕೊಡುತ್ತದೆ. ಡ್ರೈವರ್ ತೆಗೆದು ಮತ್ತೆ ಹಾಕಿದರೂ ಅಷ್ಟೇ.
*ಓದುಗರು, ನರಸಾಪುರ ಕೈಗಾರಿಕಾ ಪ್ರದೇಶ, ಕೋಲಾರ*

ಡ್ರೈವರ್‌ನಲ್ಲಿ ದೋಷವಿಲ್ಲ, ಅದನ್ನು ಮತ್ತೆ ತೆಗೆಯಬೇಡಿ. ನೀವು ಡಿಎಸ್ಎನ್ ಬರೆದಿರುವ ಜಾಗ ಒಂದು, ಸರ್ವಿಸ್ ಹುಡುಕುತ್ತಿರುವ ಜಾಗ ಇನ್ನೊಂದು. ಇದಕ್ಕೆ ಎರಡು ಕಾರಣಗಳಿರಬಹುದು, ಎರಡನ್ನೂ ನೋಡಿ.

ಮೊದಲನೆಯದು 32 ಬಿಟ್, 64 ಬಿಟ್ ವ್ಯತ್ಯಾಸ. ವಿಂಡೋಸ್‌ನಲ್ಲಿ ಒಡಿಬಿಸಿ ಅಡ್ಮಿನಿಸ್ಟ್ರೇಟರ್ ಎರಡಿವೆ, ಎರಡರ ಫೈಲ್ ಹೆಸರೂ ಒಡಿಬಿಸಿಎಡಿ32 ಎಂದೇ. ಸಿಸ್ಟಮ್32 ಫೋಲ್ಡರ್‌ನಲ್ಲಿರುವುದು 64 ಬಿಟ್‌ನದು, ಸಿಸ್‌ವಾವ್64 ಫೋಲ್ಡರ್‌ನಲ್ಲಿರುವುದು 32 ಬಿಟ್‌ನದು. ಹೆಸರು ನೋಡಿದರೆ ತಿರುಗುಮುರುಗು ಅನ್ನಿಸುತ್ತದೆ, ಆದರೆ ಇರುವುದು ಹಾಗೆಯೇ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪಟ್ಟಿಯಲ್ಲಿ ಪ್ಲಾಟ್‌ಫಾರ್ಮ್ ಎಂಬ ಕಾಲಂ ಸೇರಿಸಿಕೊಂಡರೆ ನಿಮ್ಮ ಸರ್ವಿಸ್ ಎಷ್ಟು ಬಿಟ್‌ನದು ಎಂದು ಗೊತ್ತಾಗುತ್ತದೆ. 32 ಬಿಟ್ ಸರ್ವಿಸ್‌ಗೆ 32 ಬಿಟ್ ಡ್ರೈವರ್ ಬೇಕು, ಡಿಎಸ್ಎನ್ ಕೂಡ ಸಿಸ್‌ವಾವ್64ನಲ್ಲಿರುವ ಅಡ್ಮಿನಿಸ್ಟ್ರೇಟರ್‌ನಿಂದಲೇ ಆಗಬೇಕು. ಸರ್ವರ್ ಡೇಟಾಬೇಸ್ ಎಷ್ಟು ಬಿಟ್‌ನದು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯದು ಯೂಸರ್ ಡಿಎಸ್ಎನ್. ನೀವು ಲಾಗಿನ್ ಆಗಿ ಯೂಸರ್ ಟ್ಯಾಬ್‌ನಲ್ಲಿ ಮಾಡಿದ್ದು ನಿಮ್ಮ ಖಾತೆಯ ರಿಜಿಸ್ಟ್ರಿಯಲ್ಲಿ ಕೂರುತ್ತದೆ. ಸರ್ವಿಸ್ ಓಡುವುದು ಬೇರೆ ಖಾತೆಯಲ್ಲಿ, ಅದಕ್ಕೆ ನಿಮ್ಮದು ಕಾಣುವುದಿಲ್ಲ. ಸರ್ವಿಸ್‌ಗೆ ಯಾವಾಗಲೂ ಸಿಸ್ಟಮ್ ಡಿಎಸ್ಎನ್ ಮಾಡಿ. ನಿಮ್ಮ ಟೆಸ್ಟ್ ಪಾಸಾದದ್ದೂ ಇದೇ ಕಾರಣಕ್ಕೆ: ಅದು ನಿಮ್ಮ ಹೆಸರಿನಲ್ಲಿ ಓಡಿದ ಟೆಸ್ಟ್. ಸರ್ವಿಸ್ ಯಾವ ಖಾತೆಯಲ್ಲಿ ಓಡುತ್ತದೋ ಆ ಖಾತೆಯಲ್ಲಿ, ಯಾವ ಯಂತ್ರದಲ್ಲಿ ಓಡುತ್ತದೋ ಆ ಯಂತ್ರದಿಂದ ಮಾಡಿದ ಟೆಸ್ಟ್ ಮಾತ್ರ ಟೆಸ್ಟ್. ರನ್ಆ್ಯಸ್ ಕಮಾಂಡ್‌ನಿಂದ ಆ ಖಾತೆಗೆ ಹೋಗಿ ನೋಡಿ.

ಇದು ಸರಿಯಾದ ಮೇಲೆ ಮುಂದಿನ ಎರರ್ ಬರಬಹುದು, ಅದನ್ನೂ ಈಗಲೇ ಹೇಳಿಬಿಡುತ್ತೇವೆ. ಎಸ್‌ಕ್ಯೂಎಲ್ ಸರ್ವರ್‌ನ ಒಡಿಬಿಸಿ ಡ್ರೈವರ್ 18 ಹಾಕಿದ್ದರೆ, ಅದು 17ರಂತಲ್ಲ. ಎನ್‌ಕ್ರಿಪ್ಟ್ ಎಂಬುದು ತಾನಾಗಿಯೇ ಆನ್ ಆಗಿರುತ್ತದೆ. ಸರ್ವರ್‌ನಲ್ಲಿ ತಾನೇ ಹುಟ್ಟಿಸಿಕೊಂಡ ಸರ್ಟಿಫಿಕೇಟ್ ಇದ್ದರೆ, ನಂಬಲರ್ಹವಲ್ಲದ ಸಂಸ್ಥೆ ಕೊಟ್ಟದ್ದು ಎಂಬ ಎರರ್ ಬರುತ್ತದೆ. ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್ ‘ಯೆಸ್’ ಎಂದು ಹಾಕಿದರೆ ಎರರ್ ಹೋಗುತ್ತದೆ. ಆದರೆ ಆ ಕಡೆ ಇರುವುದು ನಿಜವಾಗಿ ನಿಮ್ಮ ಸರ್ವರ್ರೇ ಎಂಬ ಪರಿಶೀಲನೆಯೂ ಅದರ ಜೊತೆಗೇ ಹೋಗುತ್ತದೆ. ಕಂಪನಿಯ ಒಳಗಿನ ಸಿಎ (ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ವ್ಯವಸ್ಥೆ) ಕೊಟ್ಟ ಸರ್ಟಿಫಿಕೇಟನ್ನು ಸರ್ವರ್‌ಗೆ ಹಾಕಿ, ಆ ಸಿಎ ರೂಟನ್ನು ಕ್ಲೈಂಟ್ ಯಂತ್ರದ ಟ್ರಸ್ಟೆಡ್ ರೂಟ್‌ಗೆ ಸೇರಿಸಿ. ಅರ್ಧ ದಿನದ ಕೆಲಸ. ಸಂಪರ್ಕದ ಸಾಲಿನಲ್ಲಿ ಐಪಿ ವಿಳಾಸ ಬರೆಯದೆ ಸರ್ಟಿಫಿಕೇಟ್‌ನಲ್ಲಿರುವ ಪೂರ್ತಿ ಹೋಸ್ಟ್ ಹೆಸರನ್ನೇ ಬರೆಯಿರಿ. ಇಲ್ಲವಾದರೆ ಹೆಸರು ಹೊಂದುತ್ತಿಲ್ಲ ಎಂದು ಮತ್ತೆ ನಿಲ್ಲುತ್ತದೆ.

ಪ್ರಶ್ನೆ: ಆರು ಅಪ್ಲಿಕೇಶನ್ ಸರ್ವರ್‌ಗಳು, ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್ (8 ಕೋರ್, ಎಸ್‌ಎಸ್‌ಡಿ). ಪ್ರತಿ ಅಪ್ಲಿಕೇಶನ್‌ನ ಹಿಕಾರಿ (ಜಾವಾದ ಪೂಲ್ ಲೈಬ್ರರಿ) ಪೂಲ್ 30. ಶಿಫ್ಟ್ ಬದಲಾಗುವ ಹೊತ್ತಿಗೆ ‘ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ’ ಎಂದು ಎಲ್ಲವೂ ನಿಲ್ಲುತ್ತದೆ. ಮ್ಯಾಕ್ಸ್_ಕನೆಕ್ಷನ್ಸ್ (ಸರ್ವರ್‌ನ ಒಟ್ಟು ಸಂಪರ್ಕಗಳ ಮಿತಿ) ಅನ್ನು 1000ಕ್ಕೆ ಏರಿಸಬಹುದೇ? ಪಿಜಿಬೌನ್ಸರ್ (ಅಪ್ಲಿಕೇಶನ್ ಮತ್ತು ಪೋಸ್ಟ್‌ಗ್ರೆಸ್ ನಡುವೆ ನಿಂತು ಸಂಪರ್ಕ ಹಂಚುವ ಪ್ರೋಗ್ರಾಂ) ಹಾಕುವುದಾದರೆ ಹೇಗೆ?
*ಓದುಗರು, ವಸಂತನರಸಾಪುರ, ತುಮಕೂರು*

ಏರಿಸಬೇಡಿ. ಮೊದಲು ಲೆಕ್ಕ ನೋಡಿ. ಪೋಸ್ಟ್‌ಗ್ರೆಸ್‌ನ ಮೂಲ ಮಿತಿ 100, ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು. ಉಳಿಯುವುದು 97. ನಿಮ್ಮ ಪೂಲ್‌ಗಳು ಕೇಳಬಹುದಾದದ್ದು 6 ಗುಣಿಸು 30, ಅಂದರೆ 180. ದಿನದ ಬಹುಪಾಲು ಅಷ್ಟು ಬೇಕಾಗುವುದಿಲ್ಲವಾದ್ದರಿಂದ ತಪ್ಪು ಮುಚ್ಚಿಹೋಗಿರುತ್ತದೆ. ಶಿಫ್ಟ್ ಬದಲಾದಾಗ ಎಲ್ಲರೂ ಒಟ್ಟಿಗೆ ಹಾಜರಿ ಹಾಕಿ, ಒಟ್ಟಿಗೆ ವರದಿ ತೆಗೆದಾಗ ಅದು ಬಯಲಿಗೆ ಬರುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಂಪರ್ಕಕ್ಕೂ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಒಂದು ಪೂರ್ತಿ ಪ್ರಾಸೆಸ್ ಹುಟ್ಟುತ್ತದೆ. ವರ್ಕ್_ಮೆಮ್ (ಕ್ವೆರಿಯ ಕೆಲಸಕ್ಕೆ ಸಿಗುವ ಮೆಮೊರಿ) ಮೂಲತಃ 4 ಎಂಬಿ. ಅದು ಸಂಪರ್ಕಕ್ಕೆ ಒಂದರಂತೆ ಸಿಗುವುದಲ್ಲ, ಕ್ವೆರಿಯೊಳಗಿನ ಒಂದೊಂದು ಸಾರ್ಟ್‌ಗೂ, ಒಂದೊಂದು ಹ್ಯಾಶ್‌ಗೂ ಬೇರೆ ಬೇರೆಯಾಗಿ ಸಿಗುವುದು. ನೂರಾರು ಪ್ರಾಸೆಸ್ ಒಟ್ಟಿಗೆ ಕೆಲಸಕ್ಕೆ ಇಳಿದರೆ 8 ಕೋರ್‌ಗಳು ಕ್ವೆರಿ ಓಡಿಸುವುದಕ್ಕಿಂತ ಸರದಿ ಬದಲಿಸುವುದರಲ್ಲೇ ಸಮಯ ಕಳೆಯುತ್ತವೆ. 1000ಕ್ಕೆ ಏರಿಸಿದರೆ ಎರರ್ ಮಾಯವಾಗುತ್ತದೆ, ಅದರ ಜಾಗದಲ್ಲಿ ಇಡೀ ಸರ್ವರ್ ನಿಧಾನವಾಗುತ್ತದೆ. ನಮ್ಮ ಮಟ್ಟಿಗೆ ಎರರ್ರೇ ವಾಸಿ, ಅದು ಎಲ್ಲಿ ತಪ್ಪಿದೆ ಎಂದು ಬಾಯಿಬಿಟ್ಟು ಹೇಳುತ್ತದೆ.

ಬೌನ್ಸರ್ ಹಾಕುವ ಮುಂಚೆ ಪಿಜಿ_ಸ್ಟಾಟ್_ಆಕ್ಟಿವಿಟಿಯಲ್ಲಿ (ಸದ್ಯದ ಸಂಪರ್ಕಗಳನ್ನು ತೋರಿಸುವ ಪಟ್ಟಿಯಲ್ಲಿ) ಸ್ಟೇಟ್ ಕಾಲಂ ಎಣಿಸಿ. ‘ಐಡಲ್’ ಎಂದು ಬಹಳ ಇದ್ದರೆ ಪೂಲ್ ಅಗತ್ಯಕ್ಕಿಂತ ದೊಡ್ಡದು. ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂದು ಬಹಳ ಇದ್ದರೆ ವಿಷಯ ಬೇರೆ: ಯಾವುದೋ ಕೋಡ್ ಟ್ರಾನ್ಸಾಕ್ಷನ್ ತೆರೆದು, ಕಮಿಟ್ ಮಾಡದೆ ಇನ್ನೇನೋ ಮಾಡುತ್ತಿದೆ, ಬಹುಶಃ ಹೊರಗಿನ ಯಾವುದೋ ಸೇವೆಯ ಉತ್ತರಕ್ಕೆ ಕಾಯುತ್ತಿದೆ. ಇದನ್ನು ಯಾವ ಬೌನ್ಸರ್ ಕೂಡ ಸರಿಮಾಡದು. ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್ ಮೂಲತಃ 0, ಅಂದರೆ ಆಫ್. ಅದನ್ನು 60 ಸೆಕೆಂಡಿಗೆ ಇಡಿ. ಹಿಕಾರಿಯ ಲೀಕ್ ಡಿಟೆಕ್ಷನ್ ಥ್ರೆಶೋಲ್ಡ್ ಕೂಡ ಮೂಲತಃ ಆಫ್. ಅದನ್ನು 20,000 ಮಿಲಿಸೆಕೆಂಡಿಗೆ ಇಟ್ಟರೆ ಸಂಪರ್ಕ ಹಿಡಿದು ಬಿಡದ ಕೋಡ್‌ನ ಸಾಲು ಲಾಗ್‌ನಲ್ಲಿ ಬರುತ್ತದೆ. ಡೆವಲಪರ್‌ಗಳ ಮುಂದೆ ಆ ಸಾಲನ್ನು ಇಟ್ಟು ಮಾತನಾಡಿ.

ಈಗ ಪೂಲ್ ಗಾತ್ರ. ಪೋಸ್ಟ್‌ಗ್ರೆಸ್ ಬಳಗದಲ್ಲಿ ಚಾಲ್ತಿಯಲ್ಲಿರುವ ಲೆಕ್ಕ ಕೋರ್ ಸಂಖ್ಯೆಯ ಎರಡು ಪಟ್ಟು, ಜೊತೆಗೆ ಡಿಸ್ಕ್ ಸಂಖ್ಯೆ. ನಿಮಗೆ 8 ಗುಣಿಸು 2 ಕೂಡಿಸು 1, ಅಂದರೆ 17. 20ರಿಂದ ಶುರುಮಾಡಿ, ಅಳೆದು ನೋಡಿ ಬದಲಿಸಿ.

ಪಿಜಿಬೌನ್ಸರ್ ಡಿಸ್ಟ್ರಿಬ್ಯೂಷನ್‌ನ ಪ್ಯಾಕೇಜ್‌ನಿಂದಲೇ ಸಿಗುತ್ತದೆ. ಇಟಿಸಿಯೊಳಗಿನ ಪಿಜಿಬೌನ್ಸರ್ ಫೋಲ್ಡರ್‌ನಲ್ಲಿ ಪಿಜಿಬೌನ್ಸರ್.ಐಎನ್‌ಐ ಇರುತ್ತದೆ. ಅದರಲ್ಲಿ ಇವಿಷ್ಟು ಬರೆಯಿರಿ: ಲಿಸನ್_ಆಡ್ರ್‌ನಲ್ಲಿ ಆ ಯಂತ್ರದ ಒಳ ಜಾಲದ ವಿಳಾಸ, ಇದನ್ನು ಬಿಟ್ಟರೆ ಅದು ಲೋಕಲ್ ಯುನಿಕ್ಸ್ ಸಾಕೆಟ್ ಮೇಲೆ ಮಾತ್ರ ಕೂತು, ಹೊರಗಿನ ಯಂತ್ರಕ್ಕೆ ಸಿಗುವುದೇ ಇಲ್ಲ. ಲಿಸನ್_ಪೋರ್ಟ್ 6432. ಪೂಲ್_ಮೋಡ್ ಟ್ರಾನ್ಸಾಕ್ಷನ್. ಮ್ಯಾಕ್ಸ್_ಕ್ಲೈಂಟ್_ಕಾನ್ 400. ಡೀಫಾಲ್ಟ್_ಪೂಲ್_ಸೈಜ್ 20. ರಿಸರ್ವ್_ಪೂಲ್_ಸೈಜ್ 5. ಮ್ಯಾಕ್ಸ್_ಡಿಬಿ_ಕನೆಕ್ಷನ್ಸ್ 40.

ಕೊನೆಯದನ್ನು ಬಿಡಲೇಬೇಡಿ. ಡೀಫಾಲ್ಟ್_ಪೂಲ್_ಸೈಜ್ ಇಡೀ ಸರ್ವರ್‌ಗೆ ಅಲ್ಲ, ಒಂದು ಡೇಟಾಬೇಸ್ ಮತ್ತು ಒಬ್ಬ ಯೂಸರ್ ಸೇರಿದ ಜೋಡಿಗೆ. ಐದು ಡೇಟಾಬೇಸ್, ನಾಲ್ಕು ಯೂಸರ್ ಇದ್ದರೆ 20 ಜೋಡಿ; ಪ್ರತಿಯೊಂದಕ್ಕೂ 20 ಎಂದರೆ 400 ಸಂಪರ್ಕ. ಬೌನ್ಸರ್ ಹಾಕಿಯೂ ‘ಟೂ ಮೆನಿ ಕ್ಲೈಂಟ್ಸ್’ ಬರುವ ಕಡೆಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಮ್ಯಾಕ್ಸ್_ಡಿಬಿ_ಕನೆಕ್ಷನ್ಸ್ ಎಂಬುದು ಒಂದು ಡೇಟಾಬೇಸ್‌ಗೆ ಎಷ್ಟು ಯೂಸರ್ ಬಂದರೂ ದಾಟಲಾಗದ ಗೆರೆ. ನಿಮ್ಮಲ್ಲಿ ಡೇಟಾಬೇಸ್ ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲ ಗೆರೆಗಳ ಮೊತ್ತ 97ರ ಒಳಗಿರಲಿ.

ಪಾಸ್‌ವರ್ಡ್ ವಿಷಯದಲ್ಲಿ ಸಿಕ್ಕಿಹಾಕಿಕೊಳ್ಳುವವರೇ ಹೆಚ್ಚು. ಪೋಸ್ಟ್‌ಗ್ರೆಸ್ 14ರಿಂದ ಹೊಸ ಪಾಸ್‌ವರ್ಡ್‌ಗಳು ಸ್ಕ್ರಾಮ್-ಶಾ-256 ಎಂಬ ಪದ್ಧತಿಯಲ್ಲಿ ಉಳಿಯುತ್ತವೆ. ಬೌನ್ಸರ್‌ನ ಆಥ್_ಟೈಪ್ ಅನ್ನೂ ಅದಕ್ಕೇ ಇಡಿ. ಯೂಸರ್‌ಲಿಸ್ಟ್.ಟಿಎಕ್ಸ್‌ಟಿ ಫೈಲ್‌ಗೆ ಪೋಸ್ಟ್‌ಗ್ರೆಸ್‌ನ ಪಿಜಿ_ಆಥ್ಐಡಿ ಟೇಬಲ್‌ನಲ್ಲಿರುವ ಸೀಕ್ರೆಟ್ ಅನ್ನು ಅಕ್ಷರ ಬಿಡದೆ ನಕಲು ಮಾಡಿ. ಅದೇ ಪಾಸ್‌ವರ್ಡ್‌ನಿಂದ ನೀವು ಹೊಸದಾಗಿ ಸೀಕ್ರೆಟ್ ಹುಟ್ಟಿಸಿದರೆ ಅದರ ಸಾಲ್ಟ್ (ಪಾಸ್‌ವರ್ಡ್ ಜೊತೆ ಬೆರೆಸುವ ಯಾದೃಚ್ಛಿಕ ಅಂಶ) ಬೇರೆ ಆಗಿರುತ್ತದೆ: ಅಪ್ಲಿಕೇಶನ್ ಬೌನ್ಸರ್‌ವರೆಗೆ ಬರುತ್ತದೆ, ಬೌನ್ಸರ್ ಡೇಟಾಬೇಸ್‌ಗೆ ಹೋಗಲಾರದು. ಆ ಫೈಲ್ ಬೌನ್ಸರ್ ಖಾತೆಯ ಒಡೆತನದಲ್ಲಿ, 600 ಅನುಮತಿಯಲ್ಲಿ ಇರಲಿ. ಇನ್ನೊಂದು, ಬೌನ್ಸರ್ ಬೇರೆ ಯಂತ್ರದಲ್ಲಿದ್ದರೆ ಪೋಸ್ಟ್‌ಗ್ರೆಸ್‌ಗೆ ಕಾಣುವುದು ಆ ಯಂತ್ರದ ವಿಳಾಸ ಮಾತ್ರ, ಪಿಜಿ_ಎಚ್‌ಬಿಎ.ಕಾನ್ಫ್‌ನಲ್ಲಿ (ಯಾರು ಎಲ್ಲಿಂದ ಸೇರಬಹುದು ಎಂದು ಹೇಳುವ ಫೈಲ್) ಅದಕ್ಕೆ ಸಾಲು ಬರೆಯಿರಿ. ಅಪ್ಲಿಕೇಶನ್ ಸರ್ವರ್‌ಗಳ ಹಳೆಯ ಸಾಲುಗಳನ್ನು ಎಲ್ಲವೂ ಬದಲಾದ ಮೇಲೆ ತೆಗೆಯಿರಿ, ಇಲ್ಲವಾದರೆ ಯಾರೋ ಒಬ್ಬರು ಪೋಸ್ಟ್‌ಗ್ರೆಸ್‌ನ ಸ್ವಂತ ಪೋರ್ಟ್ ಆದ ಹಳೆಯ 5432 ದಾರಿಯಲ್ಲೇ ಬರುತ್ತಿರುತ್ತಾರೆ, ನಿಮ್ಮ ಲೆಕ್ಕ ಕೂಡುವುದಿಲ್ಲ.

ಟ್ರಾನ್ಸಾಕ್ಷನ್ ಮೋಡ್‌ಗೆ ಒಂದು ಬೆಲೆ ಇದೆ. ಕಮಿಟ್ ಆದ ಕೂಡಲೇ ಸರ್ವರ್ ಸಂಪರ್ಕ ಇನ್ನೊಬ್ಬರ ಕೈಗೆ ಹೋಗುತ್ತದೆ. ಹಾಗಾಗಿ ಸೆಷನ್‌ಗೆ ಅಂಟಿಕೊಂಡ ಯಾವುದನ್ನೂ ನಂಬುವಂತಿಲ್ಲ: ಸೆಟ್ ಕಮಾಂಡ್‌ನಿಂದ ಇಟ್ಟ ಮೌಲ್ಯ, ಲಿಸನ್, ಸೆಷನ್ ಮಟ್ಟದ ಅಡ್ವೈಸರಿ ಲಾಕ್, ಕಮಿಟ್ ದಾಟಿ ಉಳಿಯಬೇಕಾದ ಟೆಂಪ್ ಟೇಬಲ್. ಸೆಟ್ ಬದಲು ಸೆಟ್ ಲೋಕಲ್ ಬಳಸಿ, ಅದು ಆ ಟ್ರಾನ್ಸಾಕ್ಷನ್‌ಗೇ ಮುಗಿಯುತ್ತದೆ. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳು (ಮೊದಲೇ ಸಿದ್ಧಮಾಡಿಟ್ಟ ಕ್ವೆರಿಗಳು) ಮೊದಲು ಇಲ್ಲಿ ಮುರಿದು ಬೀಳುತ್ತಿದ್ದವು. 2023ರ 1.21 ಆವೃತ್ತಿಯಿಂದ ಬೌನ್ಸರ್ ಅವನ್ನು ನಿಭಾಯಿಸುತ್ತದೆ, ಆದರೆ ಮ್ಯಾಕ್ಸ್_ಪ್ರಿಪೇರ್ಡ್_ಸ್ಟೇಟ್‌ಮೆಂಟ್ಸ್ 0 ಆಗಿರಬಾರದು. ಹಳೆಯ ಆವೃತ್ತಿಯೇ ಇದ್ದರೆ ಜೆಡಿಬಿಸಿ (ಜಾವಾದ ಡೇಟಾಬೇಸ್ ಸಂಪರ್ಕ ಪದ್ಧತಿ) ಯುಆರ್‌ಎಲ್‌ನಲ್ಲಿ ಪ್ರಿಪೇರ್‌ಥ್ರೆಶೋಲ್ಡ್ 0 ಮಾಡಿ. ಸ್ಕೀಮಾ ಬದಲಾಯಿಸುವ ಮೈಗ್ರೇಶನ್ ಸಾಧನಗಳು ಅಡ್ವೈಸರಿ ಲಾಕ್ ಹಿಡಿಯುವುದುಂಟು; ಅವನ್ನು ಬೌನ್ಸರ್ ಬಿಟ್ಟು ನೇರವಾಗಿ 5432ಕ್ಕೆ ಕಳಿಸಿ.

ಓಡತೊಡಗಿದ ಮೇಲೆ ಪಿಎಸ್‌ಕ್ಯೂಎಲ್‌ನಿಂದ 6432ರಲ್ಲಿ ಪಿಜಿಬೌನ್ಸರ್ ಎಂಬ ಹೆಸರಿನ ಡೇಟಾಬೇಸ್‌ಗೇ ಸೇರಿ, ಶೋ ಪೂಲ್ಸ್ ಕೊಡಿ. ಶಿಫ್ಟ್ ಬದಲಾಗುವ ಹೊತ್ತಿಗೆ ಕೂತು ನೋಡಬೇಕು. ಸಿಎಲ್_ವೇಟಿಂಗ್ (ಕಾಯುತ್ತಿರುವ ಕ್ಲೈಂಟ್‌ಗಳು) 0, ಮ್ಯಾಕ್ಸ್‌ವೇಟ್ (ಸಾಲಿನ ಮೊದಲಿಗರು ಕಾದ ಸಮಯ) 0 ಇದ್ದರೆ ಪೂಲ್ ಸಾಕಾಗುತ್ತಿದೆ. ಸಿಎಲ್_ವೇಟಿಂಗ್ ಏರಿ ಒಂದೆರಡು ಸೆಕೆಂಡಿನಲ್ಲಿ ಇಳಿದರೆ ತೊಂದರೆಯಿಲ್ಲ, ಬೌನ್ಸರ್ ಇರುವುದೇ ಆ ನೂಕುನುಗ್ಗಲನ್ನು ಸಾಲಿನಲ್ಲಿ ನಿಲ್ಲಿಸಲು. ಮ್ಯಾಕ್ಸ್‌ವೇಟ್ ಏರುತ್ತಲೇ ಹೋಗಿ ಎಸ್‌ವಿ_ಆ್ಯಕ್ಟಿವ್ (ಕೆಲಸದಲ್ಲಿರುವ ಸರ್ವರ್ ಸಂಪರ್ಕಗಳು) ಪೂಲ್‌ನ ಮಿತಿಯಲ್ಲೇ ನಿಂತಿದ್ದರೆ ನಿಧಾನದ ಕ್ವೆರಿ ಹುಡುಕಿ. ಪೂಲ್ ಗಾತ್ರಕ್ಕೆ ಕೈ ಹಾಕುವುದು ಆಮೇಲೆ, ಅದೂ ಡೇಟಾಬೇಸ್ ಸರ್ವರ್‌ನ ಸಿಪಿಯುನಲ್ಲಿ ಜಾಗ ಇದ್ದರೆ ಮಾತ್ರ.

ಪ್ರಶ್ನೆ: ಕೇಂದ್ರ ಕಚೇರಿಯ ಮೈಎಸ್‌ಕ್ಯೂಎಲ್‌ಗೆ ವಿಪಿಎನ್ ಮೂಲಕ ಸೇರುತ್ತೇವೆ. ಸ್ವಲ್ಪ ಹೊತ್ತು ಯಾರೂ ಬಳಸದಿದ್ದರೆ ಮೊದಲ ಬಿಲ್ ನಿಮಿಷಗಟ್ಟಲೆ ಅಲ್ಲಾಡುವುದಿಲ್ಲ, ಆಮೇಲೆ ‘ಕಮ್ಯುನಿಕೇಶನ್ಸ್ ಲಿಂಕ್ ಫೇಲ್ಯೂರ್’. ಎರಡನೇ ಸಲಕ್ಕೆ ಸರಿಹೋಗುತ್ತದೆ. ಲೈನ್ ಕೊಟ್ಟವರು ಲೈನ್ ಚೆನ್ನಾಗಿದೆ ಎನ್ನುತ್ತಾರೆ.
*ಓದುಗರು, ಚಿಂತಾಮಣಿ*

ಲೈನ್ ಚೆನ್ನಾಗಿಯೇ ಇರಬಹುದು. ದಾರಿಯಲ್ಲಿರುವ ಫೈರ್‌ವಾಲ್ ಅಥವಾ ವಿಪಿಎನ್ ಪೆಟ್ಟಿಗೆ, ಸದ್ದಿಲ್ಲದ ಸಂಪರ್ಕವನ್ನು ಕೆಲವು ನಿಮಿಷಗಳ ನಂತರ ತನ್ನ ಪಟ್ಟಿಯಿಂದ ಅಳಿಸುತ್ತದೆ, ಎರಡು ತುದಿಗೂ ಹೇಳುವುದಿಲ್ಲ. ಪೂಲ್ ತನ್ನ ಬಳಿ ಜೀವಂತ ಸಂಪರ್ಕವಿದೆ ಎಂದೇ ತಿಳಿದು ಕ್ವೆರಿ ಕಳಿಸುತ್ತದೆ. ಉತ್ತರ ಬಾರದು, ಟಿಸಿಪಿ ಮತ್ತೆ ಮತ್ತೆ ಕಳಿಸಿ ಕೊನೆಗೆ ಕೈಬಿಡುತ್ತದೆ. ನೀವು ಕಾಯುವ ನಿಮಿಷಗಳು ಅವೇ.

ಲಿನಕ್ಸ್‌ನಲ್ಲಿ ಕೀಪ್ಅಲೈವ್ (ಸುಮ್ಮನಿರುವ ಸಂಪರ್ಕ ಜೀವಂತವಿದೆಯೇ ಎಂದು ತಟ್ಟಿ ನೋಡುವುದು) ಇದೆಯಲ್ಲ ಎಂದರೆ, ಅದರ ಮೂಲ ಅವಧಿ 7200 ಸೆಕೆಂಡು. ಎರಡು ಗಂಟೆ ಸುಮ್ಮನಿದ್ದ ಮೇಲೆ ಮೊದಲ ತಟ್ಟು. ಅಷ್ಟರಲ್ಲಿ ಫೈರ್‌ವಾಲ್ ಮರೆತು ಬಹಳ ಹೊತ್ತಾಗಿರುತ್ತದೆ. ಮೈಎಸ್‌ಕ್ಯೂಎಲ್‌ನ ವೇಟ್_ಟೈಮ್‌ಔಟ್ 28800 ಸೆಕೆಂಡು, ಅಂದರೆ ಎಂಟು ಗಂಟೆ, ಆದ್ದರಿಂದ ಸರ್ವರ್ ಕೂಡ ಮುಚ್ಚಿರುವುದಿಲ್ಲ.

ಸಿಸ್‌ಸಿಟಿಎಲ್‌ನಲ್ಲಿ (ಲಿನಕ್ಸ್ ಕರ್ನಲ್ ಸೆಟ್ಟಿಂಗ್ ಬದಲಿಸುವ ಕಮಾಂಡ್) ಟಿಸಿಪಿ_ಕೀಪ್ಅಲೈವ್_ಟೈಮ್ ಅನ್ನು 240ಕ್ಕೆ ಇಳಿಸಿ, ಸಿಸ್‌ಸಿಟಿಎಲ್.ಡಿ ಫೋಲ್ಡರ್‌ನಲ್ಲಿ ಫೈಲ್ ಮಾಡಿ ಬರೆಯಿರಿ, ಇಲ್ಲವಾದರೆ ರೀಬೂಟ್‌ಗೆ ಹೋಗುತ್ತದೆ. ಪ್ರೋಗ್ರಾಂ ಸಾಕೆಟ್ ಮೇಲೆ ಕೀಪ್ಅಲೈವ್ ಕೇಳಿದ್ದರೆ ಮಾತ್ರ ಇದು ನಡೆಯುವುದು. ಮೈಎಸ್‌ಕ್ಯೂಎಲ್‌ನ ಜೆಡಿಬಿಸಿ ಡ್ರೈವರ್ ತಾನಾಗಿ ಕೇಳುತ್ತದೆ. ಪೋಸ್ಟ್‌ಗ್ರೆಸ್‌ನದು ಕೇಳುವುದಿಲ್ಲ, ಟಿಸಿಪಿಕೀಪ್ಅಲೈವ್ ಟ್ರೂ ಎಂದು ನೀವೇ ಬರೆಯಬೇಕು. ಎಸ್‌ಎಸ್ ಕಮಾಂಡನ್ನು ‘ಓ’ ಆಯ್ಕೆಯೊಂದಿಗೆ ಕೊಟ್ಟರೆ ಆ ಸಂಪರ್ಕದ ಸಾಲಿನ ಕೊನೆಯಲ್ಲಿ ಟೈಮರ್ ಕೀಪ್ಅಲೈವ್ ಎಂದು ಉಳಿದ ಸಮಯದೊಂದಿಗೆ ತೋರಿಸುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಸೆಟ್ಟಿಂಗ್ ತಲುಪಿಲ್ಲ. ಪೂಲ್‌ನ ಮ್ಯಾಕ್ಸ್ ಲೈಫ್‌ಟೈಮ್, ದಾರಿಯಲ್ಲಿರುವ ಎಲ್ಲ ಮಿತಿಗಳಿಗಿಂತ ಕಡಿಮೆ ಇರುವುದು ಒಳ್ಳೆಯದು; ಹಿಕಾರಿಯಲ್ಲಿ ಅದು ಮೂಲತಃ 30 ನಿಮಿಷ.

ಪ್ರಶ್ನೆ: ಕರೆಂಟ್ ಹೋಗಿ ಯುಪಿಎಸ್ ಕೂಡ ಬರಿದಾದ ಮೇಲೆ ಸರ್ವರ್‌ಗಳು ಮತ್ತೆ ಏಳುತ್ತವೆ, ನಮ್ಮ ಸಂಪರ್ಕ ಸೇವೆ ಮಾತ್ರ ಏಳುವುದಿಲ್ಲ. ಲಾಗಿನ್ ಆಗಿ ಕೈಯಿಂದ ಸ್ಟಾರ್ಟ್ ಮಾಡಿದರೆ ಸರಿಯಾಗಿ ಓಡುತ್ತದೆ. ಲಿನಕ್ಸ್, ಯುನಿಕ್ಸ್ಒಡಿಬಿಸಿ (ಲಿನಕ್ಸ್‌ನಲ್ಲಿ ಬಳಸುವ ಒಡಿಬಿಸಿ).
*ಓದುಗರು, ಶಿಡ್ಲಘಟ್ಟ*

ಸಿಸ್ಟಮ್‌ಸಿಟಿಎಲ್ ಈಸ್-ಎನೇಬಲ್ಡ್ ಎಂದು ಕೇಳಿ ನೋಡಿ. ‘ಡಿಸೇಬಲ್ಡ್’ ಎಂದು ಬಂದರೆ ಎನೇಬಲ್ ಮಾಡಿ, ಅಲ್ಲಿಗೆ ಮುಗಿಯಿತು. ಎನೇಬಲ್ ಆಗಿದ್ದೂ ಏಳದಿದ್ದರೆ ಜರ್ನಲ್‌ಸಿಟಿಎಲ್‌ನಲ್ಲಿ ಬೂಟ್ ಆದ ಮೊದಲ ನಿಮಿಷ ಓದಿ.

ಕರೆಂಟ್ ಹಠಾತ್ತನೆ ಹೋದಾಗ ಡೇಟಾಬೇಸ್ ಎದ್ದ ಕೂಡಲೇ ಬಾಗಿಲು ತೆರೆಯುವುದಿಲ್ಲ, ಮೊದಲು ರಿಕವರಿ ಮಾಡಿಕೊಳ್ಳುತ್ತದೆ. ನಿಮ್ಮ ಸೇವೆ ಅದಕ್ಕಿಂತ ಮುಂಚೆ ಎದ್ದು, ಸಂಪರ್ಕ ಸಿಗದೆ ಬೀಳುತ್ತದೆ. ಯುನಿಟ್ ಫೈಲ್‌ನಲ್ಲಿ (ಲಿನಕ್ಸ್‌ನ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಓದುವ ಫೈಲ್) ರೀಸ್ಟಾರ್ಟ್ ಆನ್-ಫೇಲ್ಯೂರ್ ಇದ್ದರೂ ಸಾಲದು. ರೀಸ್ಟಾರ್ಟ್‌ಸೆಕ್ ಬರೆಯದಿದ್ದರೆ ಸಿಸ್ಟಮ್‌ಡಿ 100 ಮಿಲಿಸೆಕೆಂಡಿಗೆ ಮತ್ತೆ ಎಬ್ಬಿಸುತ್ತದೆ. ಮೂಲ ನಿಯಮದಂತೆ 10 ಸೆಕೆಂಡಿನಲ್ಲಿ 5 ಸಲ ಎಬ್ಬಿಸಿ ಆಗದಿದ್ದರೆ ಅದು ಕೈಬಿಡುತ್ತದೆ. ಐದೂ ಅವಕಾಶ ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿದಿರುತ್ತವೆ. ರೀಸ್ಟಾರ್ಟ್‌ಸೆಕ್ 5 ಎಂದು ಬರೆದರೆ 10 ಸೆಕೆಂಡಿನಲ್ಲಿ ಐದು ಸಲ ಆಗುವುದೇ ಇಲ್ಲ, ಡೇಟಾಬೇಸ್ ಏಳುವವರೆಗೂ ಪ್ರಯತ್ನ ನಡೆಯುತ್ತದೆ. ಜೊತೆಗೆ ಆಫ್ಟರ್ ಮತ್ತು ವಾಂಟ್ಸ್ ಎರಡರಲ್ಲೂ ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್ ಹಾಕಿ, ಒಂದನ್ನು ಮಾತ್ರ ಹಾಕಿದರೆ ಕಾಯುವಿಕೆ ನೆಚ್ಚುವಂತಿರುವುದಿಲ್ಲ.

ಲಾಗ್‌ನಲ್ಲಿ ‘ಕಾಂಟ್ ಓಪನ್ ಲಿಬ್’ ಎಂದು ಬಂದರೆ ಕಾರಣ ಬೇರೆ. ನಿಮ್ಮ ಬ್ಯಾಶ್ಆರ್‌ಸಿ ಫೈಲ್‌ನಲ್ಲಿ ಎಲ್‌ಡಿ_ಲೈಬ್ರರಿ_ಪಾತ್, ಒಡಿಬಿಸಿಐಎನ್‌ಐ ಬರೆದುಕೊಂಡಿರುತ್ತೀರಿ. ಲಾಗಿನ್ ಆದಾಗ ಅವು ಸಿಗುತ್ತವೆ, ಸಿಸ್ಟಮ್‌ಡಿ ಆ ಫೈಲನ್ನು ಓದುವುದೇ ಇಲ್ಲ. ಅವನ್ನು ಯುನಿಟ್ ಫೈಲ್‌ನ ಎನ್ವಿರಾನ್‌ಮೆಂಟ್ ಸಾಲಿಗೆ ತನ್ನಿ. ಡ್ರೈವರ್‌ನ .ಎಸ್ಒ ಫೈಲ್ ಕಣ್ಣೆದುರೇ ಇದ್ದರೂ ಇದೇ ಎರರ್ ಬರಬಹುದು, ಏಕೆಂದರೆ ಆ ಫೈಲ್ ನೆಚ್ಚಿಕೊಂಡಿರುವ ಇನ್ನೊಂದು ಲೈಬ್ರರಿ ಇಲ್ಲದಿದ್ದಾಗಲೂ ಯುನಿಕ್ಸ್ಒಡಿಬಿಸಿ ಇದನ್ನೇ ಹೇಳುತ್ತದೆ. ಆ .ಎಸ್ಒ ಮೇಲೆ ಎಲ್‌ಡಿಡಿ ಓಡಿಸಿ. ‘ನಾಟ್ ಫೌಂಡ್’ ಎಂದಿರುವ ಸಾಲೇ ನಿಮ್ಮ ಉತ್ತರ. ಯಾವ ಐಎನ್‌ಐ ಫೈಲ್ ಓದುತ್ತಿದೆ ಎಂಬುದನ್ನು ಒಡಿಬಿಸಿಇನ್‌ಸ್ಟ್ ಕಮಾಂಡ್ ‘ಜೆ’ ಆಯ್ಕೆಯಲ್ಲಿ ಹೇಳುತ್ತದೆ. ಅದನ್ನು ಸುಡೋದಿಂದ ಸರ್ವಿಸ್ ಖಾತೆಯಲ್ಲಿ ಓಡಿಸಿ, ಐಎಸ್‌ಕ್ಯೂಎಲ್ ‘ವಿ’ ಟೆಸ್ಟನ್ನೂ ಅದೇ ಖಾತೆಯಲ್ಲಿ ಮಾಡಿ.

ಸರಿಪಡಿಸಿದ ಮೇಲೆ ಒಂದು ಭಾನುವಾರ, ಬ್ಯಾಕಪ್ ತೆಗೆದಿಟ್ಟು, ಡೇಟಾಬೇಸನ್ನು ಬೇಕೆಂದೇ ಐದು ನಿಮಿಷ ತಡವಾಗಿ ಎಬ್ಬಿಸಿ ನೋಡಿ.

ಪ್ರಶ್ನೆ: ಒರಾಕಲ್‌ನಲ್ಲಿ ಒಆರ್‌ಎ-12541, 12514, 12505 ಮೂರೂ ಬೇರೆ ಬೇರೆ ಸಮಯದಲ್ಲಿ ಬರುತ್ತವೆ. ಎಲ್ಲದಕ್ಕೂ ಲಿಸನರ್ ರೀಸ್ಟಾರ್ಟ್ ಮಾಡುತ್ತಿದ್ದೇವೆ. ಸರಿಯೇ?
*ಓದುಗರು, ಗೌರಿಬಿದನೂರು*

ಮೊದಲನೆಯದಕ್ಕೆ ಮಾತ್ರ ಅದು ಹೊಂದುತ್ತದೆ. 12541 ಎಂದರೆ ಆ ವಿಳಾಸದ ಆ ಪೋರ್ಟ್‌ನಲ್ಲಿ ಲಿಸನರ್ರೇ ಇಲ್ಲ. 12514 ಎಂದರೆ ಲಿಸನರ್ ಇದೆ, ನೀವು ಕೇಳಿದ ಸರ್ವಿಸ್ ಹೆಸರು ಅದಕ್ಕೆ ಗೊತ್ತಿಲ್ಲ. ಇಲ್ಲಿ ರೀಸ್ಟಾರ್ಟ್ ಮಾಡಿದರೆ ಉಳಿದ ಡೇಟಾಬೇಸ್‌ಗಳ ನೋಂದಣಿಯೂ ಅಳಿಸಿಹೋಗುತ್ತದೆ, ಅವು ಮತ್ತೆ ನೋಂದಾಯಿಸಿಕೊಳ್ಳಲು ಸುಮಾರು ಒಂದು ನಿಮಿಷ ಬೇಕು. ಅದರ ಬದಲು ಡೇಟಾಬೇಸ್ ಒಳಗಿಂದ ಆಲ್ಟರ್ ಸಿಸ್ಟಮ್ ರಿಜಿಸ್ಟರ್ ಕೊಟ್ಟು, ಎಲ್‌ಎಸ್‌ಎನ್‌ಆರ್‌ಸಿಟಿಎಲ್ ಸರ್ವಿಸಸ್‌ನಲ್ಲಿ ಹೆಸರು ಬಂತೇ ನೋಡಿ. ಲಿಸನರ್ 1521 ಬಿಟ್ಟು ಬೇರೆ ಪೋರ್ಟ್‌ನಲ್ಲಿದ್ದರೆ ಲೋಕಲ್_ಲಿಸನರ್ ಪ್ಯಾರಾಮೀಟರ್ ಇಡದೆ ನೋಂದಣಿ ಆಗದು. 12505 ಎಂದರೆ ಎಸ್ಐಡಿ (ಓಡುತ್ತಿರುವ ಡೇಟಾಬೇಸ್ ಇನ್‌ಸ್ಟೆನ್ಸ್‌ನ ಹೆಸರು) ಕೇಳಿದ್ದೀರಿ, ಅದು ಸಿಕ್ಕಿಲ್ಲ. ಜೆಡಿಬಿಸಿ ಸಾಲಿನಲ್ಲಿ ಪೋರ್ಟ್ ನಂತರ ಕೋಲನ್ ಇದ್ದರೆ ಮುಂದಿನದು ಎಸ್ಐಡಿ, ಸ್ಲ್ಯಾಶ್ ಇದ್ದರೆ ಸರ್ವಿಸ್ ಹೆಸರು. ಪ್ಲಗಬಲ್ ಡೇಟಾಬೇಸ್‌ಗೆ (ಒಂದು ದೊಡ್ಡ ಡೇಟಾಬೇಸ್‌ನ ಒಳಗೆ ಕೂರುವ ಡೇಟಾಬೇಸ್) ಹೋಗುವವರು ಸ್ಲ್ಯಾಶ್ ಹಾಕಬೇಕು.

ಪ್ರಶ್ನೆ: ಸೇವೆ ನಿಲ್ಲಿಸದೆ ಡೇಟಾಬೇಸ್ ಪಾಸ್‌ವರ್ಡ್ ಬದಲಾಯಿಸುವುದು ಹೇಗೆ? ಸಾಫ್ಟ್‌ವೇರ್ ಕೊಟ್ಟವರು ತಮ್ಮ ಊರಿನಿಂದಲೇ ನೋಡಲು 5432 ಪೋರ್ಟ್ ಹೊರಗೆ ತೆರೆಯಿರಿ ಎನ್ನುತ್ತಿದ್ದಾರೆ, ತೆರೆಯಬಹುದೇ?
*ಓದುಗರು, ತಿಪಟೂರು*

ಪೋರ್ಟ್ ತೆರೆಯಬೇಡಿ. ಅವರಿಗೆ ವಿಪಿಎನ್ ಖಾತೆ ಕೊಡಿ, ಡೇಟಾಬೇಸ್‌ನಲ್ಲಿ ಓದಲು ಮಾತ್ರ ಹಕ್ಕಿರುವ ಪ್ರತ್ಯೇಕ ಯೂಸರ್ ಕೊಡಿ, ವ್ಯಾಲಿಡ್ ಅಂಟಿಲ್ ದಿನಾಂಕ ಹಾಕಿ. ಆ ದಿನಾಂಕ ತಡೆಯುವುದು ಪಾಸ್‌ವರ್ಡ್ ಲಾಗಿನ್ನನ್ನು ಮಾತ್ರ. ಆಗಲೇ ತೆರೆದಿರುವ ಸಂಪರ್ಕ ಹಾಗೇ ಉಳಿಯುತ್ತದೆ ಎಂಬುದು ನೆನಪಿರಲಿ. ಪಿಜಿ_ಎಚ್‌ಬಿಎ.ಕಾನ್ಫ್ ಮೇಲಿನಿಂದ ಕೆಳಕ್ಕೆ ಓದುತ್ತದೆ, ಹೊಂದಿದ ಮೊದಲ ಸಾಲೇ ಅಂತಿಮ. ಕೆಳಗೆ ಎಷ್ಟೇ ಬಿಗಿಯಾಗಿ ಬರೆದರೂ ಮೇಲೊಂದು ಸಡಿಲ ಸಾಲು ಇದ್ದರೆ ಪ್ರಯೋಜನವಿಲ್ಲ.

ಪಾಸ್‌ವರ್ಡ್‌ಗೆ ನಾವು ಹೇಳುವುದು ಎರಡು ಲಾಗಿನ್ ದಾರಿ. ಟೇಬಲ್‌ಗಳ ಹಕ್ಕನ್ನು ಲಾಗಿನ್ ಇಲ್ಲದ ಒಂದು ರೋಲ್‌ಗೆ ಕೊಡಿ. ಆ ರೋಲ್‌ಗೆ ಎರಡು ಲಾಗಿನ್ ಯೂಸರ್‌ಗಳನ್ನು ಸೇರಿಸಿ. ಸೇವೆ ಒಂದರಲ್ಲಿ ಓಡುತ್ತಿರುವಾಗ ಇನ್ನೊಂದರ ಪಾಸ್‌ವರ್ಡ್ ಬದಲಿಸಿ, ಅದರಿಂದ ಲಾಗಿನ್ ಆಗಿ ನೋಡಿ, ಅಪ್ಲಿಕೇಶನ್ ಸರ್ವರ್‌ಗಳನ್ನು ಒಂದೊಂದಾಗಿ ಅದಕ್ಕೆ ತಿರುಗಿಸಿ. ಪಿಜಿ_ಸ್ಟಾಟ್_ಆಕ್ಟಿವಿಟಿಯಲ್ಲಿ ಹಳೆಯ ಯೂಸರ್ ಹೆಸರಿನ ಸಾಲು ಒಂದೂ ಉಳಿಯದ ಮೇಲೆ ಅದನ್ನು ನೋಲಾಗಿನ್ ಮಾಡಿ. ಒಂದು ಸಾಲು ಉಳಿದೇ ಇದ್ದರೆ ಕ್ಲೈಂಟ್_ಆಡ್ರ್ ಕಾಲಂ ನೋಡಿ. ತಿಂಗಳಿಗೊಮ್ಮೆ ಓಡುವ ಬ್ಯಾಕಪ್ ಅಥವಾ ವರದಿಯ ಸ್ಕ್ರಿಪ್ಟ್‌ಗಳು ಈ ಪಟ್ಟಿಯಲ್ಲಿ ಆ ದಿನ ಕಾಣದೇ ಇರಬಹುದು, ಹಾಗಾಗಿ ಕ್ರಾನ್ ಪಟ್ಟಿಗಳನ್ನೂ ಪಿಜಿಪಾಸ್ ಫೈಲ್‌ಗಳನ್ನೂ ಹಳೆಯ ಯೂಸರ್ ಹೆಸರಿಗಾಗಿ ಒಮ್ಮೆ ಜಾಲಾಡಿ. ಮೊದಲು ಇದಾಗಲಿ, ನೋಲಾಗಿನ್ ಆಮೇಲೆ.